ಹ್ಯಾಟ್ರಿಕ್ ಗೇಮಿನ ಪ್ಲೇಯರ್ ಮಾರ್ಕೆಟ್ಟು: ಅಡಿಕೆ ಮಂಡಿ ನೋಡ್ಕೊಂಡು ಬೆಳೆದವನ ರಿವ್ಯೂ

2025ರ ಆಗಸ್ಟಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳಿಗೆ ಕೇಂದ್ರ ಸರ್ಕಾರ ಕಾನೂನು ತಂದು ಬಾಗಿಲು ಹಾಕಿಸ್ತಲ್ಲ, ಆವಾಗಿಂದ ನಮ್ಮ ಆಫೀಸಲ್ಲಿ ಮೂರ್ನಾಲ್ಕು ಜನ ಸಂಜೆ ಟೀ ಹೊತ್ತಿಗೆ ಏನೋ ಕಳ್ಕೊಂಡೋರ ತರ ಸುಮ್ನೆ ಫೋನ್ ಉಜ್ಜುತಾ ಕೂತಿರ್ತಿದ್ರು. ಅವರಲ್ಲೊಬ್ಬ ಒಂದಿನ ಬಂದು, ನೀನು ಅದ್ಯಾವುದೋ ಓಬಿರಾಯನ ಕಾಲದ ಫುಟ್‌ಬಾಲ್ ಗೇಮ್ ಆಡ್ತೀಯಲ್ಲ, ಅದ್ರಲ್ಲಿ ಎಂಥ ಮಜಾ ಇದೆ ಹೇಳು ಅಂದ. ಬಾಯಲ್ಲಿ ಹೇಳೋಕೆ ಹೋಗಿ ಟೀ ಆರೋಯ್ತು, ಅವನಿಗೂ ಅರ್ಥ ಆಗ್ಲಿಲ್ಲ. ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಆಗತ್ತೆ, ಪುರುಸೊತ್ತಿದ್ರೆ ಓದಿ.

ಗೇಮಿನ ಹೆಸರು ಹ್ಯಾಟ್ರಿಕ್. ಸ್ವೀಡನ್ನಿಂದು, 1997ರಲ್ಲಿ ಶುರುವಾಗಿದ್ದು, ಅಂದ್ರೆ ಗೂಗಲ್ ಕಂಪನಿಗಿಂತ ಒಂದು ವರ್ಷ ದೊಡ್ಡದು. ಬ್ರೌಸರಲ್ಲಿ ಆಡೋದು. ಓಡೋ ಆಟಗಾರರು, ಹಾರೋ ಬಾಲು ಇದೆಲ್ಲ ಏನೂ ಇಲ್ಲ, ನೀವು ಮ್ಯಾನೇಜರು, ವಾರಕ್ಕೊಂದು ಲೀಗ್ ಮ್ಯಾಚಿಗೆ ಟೀಮ್ ಆರಿಸ್ತೀರ, ಯಾವ ಟ್ರೈನಿಂಗ್ ಅಂತ ಹೇಳ್ತೀರ, ಮ್ಯಾಚ್ ನಡೆಯೋವಾಗ ಕಾಮೆಂಟ್ರಿ ಅಕ್ಷರದಲ್ಲಿ ಬರತ್ತೆ ಅದನ್ನ ಓದ್ತೀರ. ಒಂದು ಲೀಗಲ್ಲಿ ಎಂಟು ಟೀಮು, 14 ಸುತ್ತು, ಸೀಸನ್ ಅಂದ್ರೆ 16 ವಾರ. ಆಟಗಾರನಿಗೆ 112 ದಿನಕ್ಕೆ ಒಂದು ವರ್ಷ ವಯಸ್ಸಾಗತ್ತೆ. 17 ವರ್ಷದ ಹುಡುಗನ್ನ ತಗೊಂಡು ಅವನು ಮೂವತ್ತು ದಾಟೋ ಹೊತ್ತಿಗೆ ನಮ್ಮ ಲೆಕ್ಕದಲ್ಲಿ ನಾಲ್ಕು ವರ್ಷ ಆಗಿರತ್ತೆ. ನಾನು ಇದನ್ನ ಶುರು ಮಾಡಿದಾಗ ಮದುವೆ ಆಗಿರ್ಲಿಲ್ಲ, ಈಗ ಮಗಳು ಸ್ಕೂಲಿಗೆ ಹೋಗ್ತಾಳೆ.

ಆಡೋಕೆ ಫ್ರೀ. ಸಪೋರ್ಟರ್ ಅಂತ ದುಡ್ಡು ಕಟ್ಟೋ ಪ್ಯಾಕೇಜ್ ಇದೆ, ಕಟ್ಟಿದ್ರೆ ಅಂಕಿಅಂಶ, ಟೀಮಿನ ಲೋಗೋ ಅಂಥ ಶೋಕಿ ಸಿಗತ್ತೆ, ಆದ್ರೆ ದುಡ್ಡು ಕಟ್ಟಿ ಒಬ್ಬ ಒಳ್ಳೆ ಸ್ಟ್ರೈಕರನ್ನ ತರೋಕಾಗಲ್ಲ, ಟ್ರೈನಿಂಗ್ ಬೇಗ ಮಾಡಿಸೋಕಾಗಲ್ಲ. ಈ ಪಾಯಿಂಟ್ ನೆನಪಿಟ್ಕೊಳಿ, ಮುಂದೆ ಬೇಕಾಗತ್ತೆ.

ನನ್ನ ಕೇಳಿದ್ರೆ ಮ್ಯಾಚು ಒಂದು ನೆಪ, ಅಸಲಿ ಆಟ ಇರೋದು ಟ್ರಾನ್ಸ್‌ಫರ್ ಮಾರ್ಕೆಟ್ಟಲ್ಲಿ. ಅದು ನಂಗೆ ಯಾಕೆ ಹಿಡಿಸ್ತು ಅಂದ್ರೆ ನಾನು ಶಿರಸಿ ಕಡೆಯವನು, ಚಿಕ್ಕೋನಿದ್ದಾಗ ಅಪ್ಪನ ಜೊತೆ ಅಡಿಕೆ ಚೀಲದ ಮೇಲೆ ಕೂತು ಪೇಟೆಗೆ ಹೋದವನು. ಟೆಂಡರ್ ಅಂದ್ರೆ ಏನು, ದಲಾಲಿ ಅಂದ್ರೆ ಏನು, ಖರೀದಿದಾರ ರಾಶಿಗೆ ಕೈ ಹಾಕಿ ನಾಲ್ಕು ಕಾಯಿ ತೆಗೆದು ಒಂದನ್ನ ಕತ್ತರಿಸಿ ನೋಡಿ ಮುಖದಲ್ಲಿ ಏನೂ ತೋರಿಸ್ದೆ ಹೋಗೋದು ಅಂದ್ರೆ ಏನು, ಇದೆಲ್ಲ ನಂಗೆ ಫುಟ್‌ಬಾಲಿನ ಆಫ್‌ಸೈಡಿಗಿಂತ ಮುಂಚೆ ಗೊತ್ತಿತ್ತು.

ಹ್ಯಾಟ್ರಿಕ್ಕಲ್ಲಿ ಆಟಗಾರನ ಶಕ್ತಿನ ನಂಬರಲ್ಲಿ ಹೇಳಲ್ಲ, ಪದದಲ್ಲಿ ಹೇಳ್ತಾರೆ. ಡಿಸಾಸ್ಟ್ರಸ್, ಪೂರ್, ವೀಕ್, ಪಾಸಬಲ್, ಸಾಲಿಡ್, ಎಕ್ಸಲೆಂಟ್, ಹೀಗೆ ಮೇಲೆ ಮೇಲೆ ಹೋಗ್ತಾ ಟೈಟಾನಿಕ್, ಯುಟೋಪಿಯನ್, ಕೊನೆಗೆ ಡಿವೈನ್. ಹೊಸಬರಿಗೆ ಇದು ತಲೆ ಕೆಡಿಸತ್ತೆ, ಪಾಸಬಲ್ ದೊಡ್ಡದಾ ಇನಾಡಿಕ್ವೇಟ್ ದೊಡ್ಡದಾ ಅಂತ. ನಂಗೆ ಮಾತ್ರ ಮನೆಗೆ ಬಂದಂಗಾಯ್ತು. ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೋಕಾ ಅಂತ ಅಡಿಕೆ ದರ್ಜೆಯ ಹೆಸರು ಕೇಳಿದ ಕೂಡ್ಲೆ ಕಿಸೆಗೆ ಎಷ್ಟು ಬರತ್ತೆ ಅಂತ ಅಂದಾಜು ಆಗೋ ಊರಲ್ಲಿ ಹುಟ್ಟಿದ್ದೀನಲ್ಲ. ಮಜಾ ಏನಂದ್ರೆ ಒಂದೇ ಪದದ ಒಳಗೂ ವ್ಯತ್ಯಾಸ ಇರತ್ತೆ, ಇವತ್ತಷ್ಟೇ ಸಾಲಿಡ್ ಆದವನೂ ಸಾಲಿಡ್ಡೇ, ನಾಳೆ ಎಕ್ಸಲೆಂಟ್ ಆಗೋನೂ ಸಾಲಿಡ್ಡೇ. ಪೇಜಲ್ಲಿ ಎರಡೂ ಒಂದೇ ಪದ. ಆಗ ಟಿಎಸ್‌ಐ ಅಂತ ಒಂದು ಒಟ್ಟು ಅಂಕೆ ತೋರಿಸ್ತಾರೆ, ಅದನ್ನ ನೋಡಿ ಒಳಗೆ ಎಷ್ಟು ತಿರುಳಿದೆ ಅಂತ ಲೆಕ್ಕ ಹಾಕ್ಬೇಕು. ರಾಶಿಗೆ ಕೈ ಹಾಕಿ ಕಾಯಿ ಕತ್ತರಿಸಿ ನೋಡೋದಕ್ಕೆ ಇದು ಸಮ.

ರೂಲ್ಸು ಹೇಳ್ತೀನಿ. ಆಟಗಾರನ್ನ ಮಾರ್ಬೇಕು ಅಂದ್ರೆ ಒಂದು ಕನಿಷ್ಠ ರೇಟ್ ಹಾಕಿ ಲಿಸ್ಟಿಗೆ ಬಿಡ್ಬೇಕು, ಸರಿಯಾಗಿ ಮೂರು ದಿನ ಹರಾಜು. ಒಮ್ಮೆ ಬಿಟ್ಟ ಮೇಲೆ ವಾಪಸ್ ತಗೊಳ್ಳೋ ಹಾಗಿಲ್ಲ. ನಮ್ಮ ಮಂಡಿಲಿ ರೇಟು ಹೊಂದದಿದ್ರೆ ಇವತ್ತು ಕೊಡಲ್ಲ ಅಂತ ಮಾಲು ಅಲ್ಲೇ ಇಟ್ಟು ಬರಬಹುದು, ಇಲ್ಲಿ ಆ ಸೌಕರ್ಯ ಇಲ್ಲ, ಯಾರಾದ್ರೂ ನೀವು ಹಾಕಿದ ಕನಿಷ್ಠ ರೇಟಿಗೆ ಕೂಗಿದ್ರೂ ಹುಡುಗ ಹೋದ. ಯಾರೂ ಕೂಗ್ಲಿಲ್ಲ ಅಂದ್ರೆ ಮಾತ್ರ ನಿಮ್ಮಲ್ಲೇ ಉಳೀತಾನೆ. ಪ್ರತಿ ಬಿಡ್ಡು ಹಿಂದಿನದಕ್ಕಿಂತ ಕನಿಷ್ಠ 2 ಪರ್ಸೆಂಟ್ ಜಾಸ್ತಿ ಇರ್ಬೇಕು. ಕೊನೇ ಮೂರು ನಿಮಿಷದಲ್ಲಿ ಯಾರಾದ್ರೂ ಬಿಡ್ ಹಾಕಿದ್ರೆ ಟೈಮು ಇನ್ನೂ ಮೂರು ನಿಮಿಷ ಮುಂದೆ ಹೋಗತ್ತೆ. ಕೊನೇ ಸೆಕೆಂಡಲ್ಲಿ ಬೆರಳಿಟ್ಟು ಕದ್ದು ಹೊಡೆಯೋ ಆಟ ಇದೊಂದು ರೂಲಿಂದ ಸತ್ತೋಯ್ತು, ನೆಟ್ ಸ್ಪೀಡ್ ಇದ್ದೋನಿಗೆ ಲಾಭ ಇಲ್ಲ, ದುಡ್ಡು ಮತ್ತೆ ತಾಳ್ಮೆ ಇದ್ದೋನಿಗೆ ಲಾಭ. ಇಬ್ಬರು ಮಾತಾಡ್ಕೊಂಡು ನಿನ್ನ ಡಿಫೆಂಡರ್ ನಂಗೆ ಕೊಡು ನನ್ನ ವಿಂಗರ್ ನೀನು ತಗೋ ಅನ್ನೋ ಅದಲುಬದಲು ಇಲ್ಲ, ಸಾಲ ಕೊಡೋದಿಲ್ಲ, ಒಳಗಿಂದೊಳಗೆ ಕೈ ಬದಲಾಯಿಸೋ ಬಾಗಿಲೇ ಇಲ್ಲ. ಎಲ್ಲ ಮಾಲೂ ಅಂಗಳಕ್ಕೆ ಬರ್ಬೇಕು, ಎಲ್ಲರ ಮುಂದೆ ಕೂಗ್ಬೇಕು.

ಮಾರಿದ ದುಡ್ಡಲ್ಲಿ ದಲಾಲಿ ಕಟ್ ಆಗತ್ತೆ. ತಂದ ದಿನವೇ ಮಾರಿದ್ರೆ ದಲಾಲಿ ಜೋರು, ನಿಮ್ಮ ಟೀಮಲ್ಲಿ ಇದ್ದಷ್ಟೂ ದಿನ ಕಮ್ಮಿ ಆಗ್ತಾ ಹೋಗತ್ತೆ. ಇದು ಬೆಳಿಗ್ಗೆ ಕೊಂಡು ಸಂಜೆ ಮಾರೋ ದಲ್ಲಾಳಿಗಳಿಗೆ ಹಾಕಿದ ಲಗಾಮು. ಇನ್ನೊಂದು ನಂಗೆ ತುಂಬಾ ಇಷ್ಟ ಆದ ರೂಲು, ಆಟಗಾರ ಮೊದಲು ಹುಟ್ಟಿ ಬೆಳೆದ ಕ್ಲಬ್ಬಿಗೆ ಅವನು ಎಷ್ಟನೇ ಕೈ ಬದಲಾದ್ರೂ ಪ್ರತಿ ಸಲ 2 ಪರ್ಸೆಂಟ್ ಹೋಗತ್ತೆ. ನಾನು ಇದಕ್ಕೆ ತವರು ಮನೆ ಪಾಲು ಅಂತೀನಿ. ನನ್ನ ಯೂತ್ ಅಕಾಡೆಮಿಯಿಂದ ಬಂದ ಒಬ್ಬ ಹುಡುಗನ್ನ ನಾನು ಪುಡಿಗಾಸಿಗೆ ಮಾರಿದ್ದೆ, ಅವನು ಯುರೋಪಲ್ಲಿ ನಾಲ್ಕು ಕ್ಲಬ್ ಸುತ್ತಿ ಬೆಳೆದು ನಿಂತ, ಪ್ರತಿ ಸಲ ಮಾರಾಟ ಆದಾಗ್ಲೂ ನನ್ನ ಖಾತೆಗೆ ಹಬ್ಬದ ಉಡುಗೊರೆ ತರ ಏನೋ ಬಂದು ಬೀಳ್ತಿತ್ತು. ಕೆಲವೊಮ್ಮೆ ಅವನ ಪೇಜಿಗೆ ಹೋಗಿ ಸುಮ್ನೆ ನೋಡ್ಕೊಂಡು ಬರ್ತಿದ್ದೆ, ಇದನ್ನ ಹೆಂಡತಿಗೆ ಹೇಳಿಲ್ಲ.

ಹರಾಜು ಹೇಗಿರತ್ತೆ ಅಂತ ಒಂದು ಹೇಳ್ಬಿಡ್ತೀನಿ. ಒಬ್ಬ ಉರುಗ್ವೆ ಹುಡುಗ, 18 ವರ್ಷ, ಪ್ಲೇಮೇಕಿಂಗ್ ಸಾಲಿಡ್, ಮೇಲಿಂದ ಕ್ವಿಕ್ ಅನ್ನೋ ಸ್ಪೆಷಾಲಿಟಿ ಬೇರೆ. ಹರಾಜು ಮುಗಿಯೋದು ನಮ್ಮ ಬೆಳಿಗ್ಗೆ 9.24ಕ್ಕೆ. ನಾನು ವಿಜಯನಗರದಲ್ಲಿ ಪರ್ಪಲ್ ಲೈನ್ ಮೆಟ್ರೋ ಹತ್ತಿ ನಿಂತಿದೀನಿ, ಒಂದು ಕೈಲಿ ಹಿಡಿ, ಒಂದು ಕೈಲಿ ಫೋನು. ಎದುರಾಳಿ ಪೆರು ದೇಶದವನು, ಅವನಿಗೆ ರಾತ್ರಿ ಹನ್ನೊಂದರ ಹತ್ರ. 9.22ಕ್ಕೆ ನಾನು ಹಾಕ್ದೆ, ಟೈಮು ಮುಂದೆ ಹೋಯ್ತು. ಅವನು ಹಾಕ್ದ, ಮತ್ತೆ ಮುಂದೆ. ಮೆಜೆಸ್ಟಿಕ್ಕಲ್ಲಿ ರೈಲು ಸುರಂಗದಲ್ಲಿ, ಸಿಗ್ನಲ್ ಒಂದು ಕಡ್ಡಿ ಬರತ್ತೆ ಹೋಗತ್ತೆ, ಪೇಜು ಬಿಳಿ ಆಗಿ ತಿರುಗ್ತಾ ಇದೆ, ಪಕ್ಕದಲ್ಲಿ ನಿಂತ ಅಂಕಲ್ಲು ನನ್ನ ಫೋನ್ ಒಳಗೇ ಇಣುಕ್ತಿದಾರೆ, ಬಹುಶಃ ಷೇರು ಅಂದ್ಕೊಂಡಿರ್ಬೇಕು. ಮ್ಯಾಕ್ಸಿಮಮ್ ಎಷ್ಟರವರೆಗೆ ಹೋಗ್ತೀನಿ ಅಂತ ಮೊದಲೇ ಹಾಕಿಡೋ ಸವಲತ್ತು ಇದೆ, ಹಾಕಿಟ್ಟು ಆರಾಮಾಗಿ ಇರ್ಬಹುದಿತ್ತು, ಆದ್ರೆ ಹರಾಜಲ್ಲಿ ನಿಂತ ಮನುಷ್ಯನಿಗೆ ಆ ಬುದ್ಧಿ ಎಲ್ಲಿರತ್ತೆ. ಕಬ್ಬನ್ ಪಾರ್ಕ್ ದಾಟಿ ರೈಲು ಮೇಲೆ ಬಂದಾಗ ಪೇಜು ಲೋಡ್ ಆಯ್ತು, ಅವನು ಮುಂದಿದ್ದ, ನಲವತ್ತು ಸೆಕೆಂಡ್ ಉಳಿದಿತ್ತು. ಹಾಕ್ದೆ. ಒಟ್ಟು ಹನ್ನೊಂದು ಬಿಡ್ಡು ಆಯ್ತು, ಹನ್ನೊಂದು ಸಲ 2 ಪರ್ಸೆಂಟ್ ಅಂದ್ರೆ ಸಣ್ಣದು ಅನ್ಸತ್ತೆ, ಗುಣಿಸಿ ನೋಡಿ, ಹತ್ರತ್ರ ಕಾಲು ಭಾಗ ರೇಟ್ ಏರಿತ್ತು. ಹುಡುಗ ನಂಗೇ ಸಿಕ್ಕ. ನಾನು ಇಳಿಬೇಕಾದ್ದು ಟ್ರಿನಿಟಿ, ತಲೆ ಎತ್ತಿದಾಗ ಹಲಸೂರು.

ಆಮೇಲೆ ಮೂರನೇ ವಾರಕ್ಕೆ ಅವನ ಕಾಲಿಗೆ ಪೆಟ್ಟಾಯ್ತು. ಎರಡು ಸೀಸನ್ ಬಿಟ್ಟು ಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿಗೇ ಮಾರಿದೆ, ದಲಾಲಿ, ತವರು ಪಾಲು ಕಳೆದು ನೋಡಿದ್ರೆ ಕೈಗೆ ಬಂದ ಲಾಭ ಸೊನ್ನೆ, ಅವನಿಗೆ ಕೊಟ್ಟ ಸಂಬಳ ಲೆಕ್ಕ ಹಾಕಿದ್ರೆ ಲಾಸು.

ಇಲ್ಲಿ ಭಾರತದಲ್ಲಿ ಕೂತು ಆಡೋರಿಗೆ ಒಂದು ಗುಟ್ಟು. ಗೇಮಿನ ಗಡಿಯಾರ ಸ್ವೀಡನ್ ಟೈಮು, ಬೇಸಿಗೆಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಜನ ಜಾಸ್ತಿ ಇರೋದು ಯುರೋಪಲ್ಲಿ, ಅವರು ರಾತ್ರಿ ಊಟ ಮಾಡಿ ಕಂಪ್ಯೂಟರ್ ಮುಂದೆ ಕೂತಾಗ ಮುಗಿಯೋ ಹರಾಜಿಗೆ ರೇಟು ಜೋರು. ಹರಾಜು ಸರಿಯಾಗಿ ಮೂರು ದಿನ ನಡೆಯೋದ್ರಿಂದ ನೀವು ಯಾವ ಗಂಟೆಗೆ ಲಿಸ್ಟ್ ಮಾಡ್ತೀರೋ ಅದೇ ಗಂಟೆಗೆ ಮುಗಿಯೋದು. ಅದಕ್ಕೆ ಮಾರೋದಾದ್ರೆ ನಮ್ಮ ನಡುರಾತ್ರಿ ಹನ್ನೆರಡು ಹನ್ನೆರಡೂವರೆಗೆ ಲಿಸ್ಟಿಗೆ ಹಾಕಿ ಮಲಗಿ. ಕೊಳ್ಳೋದಾದ್ರೆ ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಮುಗಿಯೋದನ್ನ ಹುಡುಕಿ, ಆಗ ಯುರೋಪು ಗೊರಕೆ ಹೊಡೀತಿರತ್ತೆ. ಟೈಮ್ ನೋಡ್ದೆ ಲಿಸ್ಟ್ ಮಾಡಿದ ಎಷ್ಟೋ ಜನರ ಒಳ್ಳೆ ಮಾಲು ಕಮ್ಮಿಗೆ ಹೋಗತ್ತೆ. ಇದು ಮೋಸ ಅಲ್ವಾ ಅಂತ ಕೇಳಿದ್ರು ಒಬ್ರು. ಮಳೆ ಬರೋ ದಿನ ಮಂಡಿಗೆ ಖರೀದಿದಾರರು ಕಮ್ಮಿ ಬರ್ತಾರೆ, ಆವತ್ತು ಹೋಗಿ ಕೊಂಡ್ರೆ ಮೋಸನಾ?

ಮೋಸ ಅನ್ನೋದು ಬೇರೆ ಇದೆ, ಅದಕ್ಕೆ ಬರ್ತೀನಿ. ಇಂಥ ಎಲ್ಲ ಮ್ಯಾನೇಜರ್ ಗೇಮ್‌ಗಳಲ್ಲೂ ಕಳ್ಳದಾರಿ ಒಂದೇ. ಒಬ್ಬನೇ ಎರಡು ಮೂರು ಅಕೌಂಟ್ ಮಾಡ್ಕೊಂಡು ಸುಳ್ಳು ಟೀಮಿನ ದುಡ್ಡೆಲ್ಲ ಅಸಲಿ ಟೀಮಿಗೆ ಸಾಗಿಸೋದು. ಹೇಗೆ ಅಂದ್ರೆ ಅಸಲಿ ಟೀಮಿನ ಕಾಲು ಮುರಿದ ಮುದುಕನ್ನ ಸುಳ್ಳು ಟೀಮಿಂದ ಕೋಟಿಗಟ್ಟಲೆ ಕೊಟ್ಟು ಕೊಳ್ಳೋದು, ಇಲ್ಲಾ ಸುಳ್ಳು ಟೀಮಿನ ವಜ್ರದಂಥ ಹುಡುಗನ್ನ ಯಾರೂ ಎಚ್ಚರ ಇಲ್ದಿರೋ ಹೊತ್ತಲ್ಲಿ ಮೂರು ಕಾಸಿಗೆ ಎತ್ಕೊಳ್ಳೋದು. ಇನ್ನೊಂದು, ಫ್ರೆಂಡ್ ಹತ್ರ ಬಿಡ್ ಹಾಕಿಸಿ ರೇಟ್ ಏರಿಸೋದು, ಕೊಳ್ಳೋ ಮನಸ್ಸಿಲ್ದೆ ಕೂಗೋ ಬೇನಾಮಿ ಕೂಗು. ಗೇಮು ಬಿಡ್ತಾ ಇರೋನು ಹೋಗೋ ಮುಂಚೆ ಖಜಾನೆಯೆಲ್ಲ ಗೆಳೆಯನಿಗೆ ಸುರಿದು ಹೋಗೋದೂ ಇದೆ, ಅದಂತೂ ಮನೆ ಖಾಲಿ ಮಾಡೋವಾಗ ಪಾತ್ರೆ ಪಕ್ಕದ ಮನೆಗೆ ಕೊಟ್ಟ ಹಾಗೆ, ಕೊಡೋನಿಗೆ ತಪ್ಪು ಅಂತಲೂ ಅನ್ಸಲ್ಲ.

ನನ್ನ ಚಿಕ್ಕಪ್ಪನ ಮಗ ಒಬ್ಬ ಇದಾನೆ, ಅವನನ್ನ ಈ ಆಟಕ್ಕೆ ಎಳೆದು ತಂದಿದ್ದೂ ನಾನೇ. ಸೇರಿ ಎರಡು ತಿಂಗಳಿಗೆ ಒಂದು ರಾತ್ರಿ ಫೋನು. "ಅಣ್ಣಾ, ನನ್ನ ಗೋಲ್‌ಕೀಪರಿನ ಹರಾಜು ಇನ್ನು ಅರ್ಧ ಗಂಟೆಗೆ ಮುಗೀತದೆ, ಯಾರೂ ಮುಟ್ತಾ ಇಲ್ಲ ಮಾರಾಯ, ಸುಮ್ನೆ ಒಂದು ಬಿಡ್ ಬಿಸಾಕು, ನೋಡಿ ನಾಲ್ಕು ಜನ ಬರ್ತಾರೆ." ನಾನು ಆಗಲ್ಲ, ರೂಲ್ಸಲ್ಲಿ ಬರೆದಿದಾರೆ, ಬೇಕು ಅಂತ ಕೊಳ್ಳೋ ಹಾಗಿದ್ರೆ ಮಾತ್ರ ಬಿಡ್ ಹಾಕ್ಬೇಕು, ರೇಟ್ ತಿರುಚೋಕೆ ಹಾಕೋ ಹಾಗಿಲ್ಲ ಅಂದೆ. "ಎಂತ ರೂಲ್ಸು, ಮಂಡಿಲಿ ಎಲ್ಲರೂ ಮಾಡೋದು ಅದೇ ಅಲ್ದಾ" ಅಂದ. ಆ ದೀಪಾವಳಿಗೆ ಸರಿಯಾಗಿ ಮಾತಾಡ್ಸ್ಲಿಲ್ಲ ನನ್ನ.

ಮಂಡಿಲಿ ಎಲ್ಲರೂ ಮಾಡ್ತಾರಾ ಇಲ್ವಾ ಗೊತ್ತಿಲ್ಲ, ಆದ್ರೆ ಅಪ್ಪ ಹೇಳ್ತಿದ್ದ ಒಂದು ಕತೆ ಇದೆ, ಯಾವ ಊರು ಯಾವ ಮಂಡಿ ಅಂತ ಬೇಡ. ಚೀಟಿಲಿ ರೇಟ್ ಬರೆದು ಡಬ್ಬಕ್ಕೆ ಹಾಕ್ತಿದ್ದ ಕಾಲ. ಐದಾರು ಖರೀದಿದಾರರು ಬೆಳಿಗ್ಗೆ ಹೋಟೆಲಲ್ಲಿ ಒಂದೇ ಟೇಬಲ್ಲಿಗೆ ಕೂತು ಬನ್ಸ್ ತಿನ್ನೋ ಹೊತ್ತಿಗೆ ಇವತ್ತು ಯಾರ ಮಾಲು ಯಾರಿಗೆ ಅಂತ ಹಂಚ್ಕೊಂಡು ಬಿಡ್ತಿದ್ರಂತೆ, ಆಮೇಲೆ ಡಬ್ಬದಲ್ಲಿ ಐದು ಚೀಟಿ ಬಿದ್ರೂ ನಾಲ್ಕು ಬರೀ ಲೆಕ್ಕಕ್ಕೆ. ಈಗ ರೆಮ್ಸ್ ಅಂತ ಒಂದು ಆನ್‌ಲೈನ್ ವ್ಯವಸ್ಥೆ ಬಂದು 2014ರಿಂದ ನಮ್ಮ ರಾಜ್ಯದ ಎಪಿಎಂಸಿಗಳಲ್ಲಿ ಟೆಂಡರ್ ಆನ್‌ಲೈನ್ ಆಗ್ತಾ ಬಂದಿದೆ, ಹೋಟೆಲ್ಲಿನ ಟೇಬಲ್ಲು ಮಾತ್ರ ಎಲ್ಲೂ ಹೋಗಿಲ್ಲ ಅಂತಾನೆ ಅಪ್ಪ. ಕಂಪ್ಯೂಟರ್ ಬಂದ ಮಾತ್ರಕ್ಕೆ ಮನುಷ್ಯ ಬದಲಾಗ್ತಾನಾ.

ಹ್ಯಾಟ್ರಿಕ್ ಈ ಟೇಬಲ್ಲಿಗೆ ಮದ್ದು ಕಂಡ್ಕೊಂಡಿರೋದು ಹೇಗೆ ಅಂದ್ರೆ, ಎಲ್ಲ ಲೆಕ್ಕ ಬಯಲಲ್ಲಿ. ಯಾವ ಆಟಗಾರನ ಪೇಜಿಗೆ ಹೋದ್ರೂ ಅವನು ಯಾವತ್ತು ಯಾವ ಕ್ಲಬ್ಬಿಂದ ಯಾವ ಕ್ಲಬ್ಬಿಗೆ ಎಷ್ಟಕ್ಕೆ ಹೋದ ಅಂತ ಹುಟ್ಟಿದಾಗಿಂದ ಜಾತಕ ಇರತ್ತೆ, ಟೀಮಿನ ಪೇಜಲ್ಲೂ ಕೊಂಡಿದ್ದು ಮಾರಿದ್ದು ಎಲ್ಲ. ಅದೇ ತರದ ಆಟಗಾರರು ಈಚೆಗೆ ಎಷ್ಟಕ್ಕೆ ಹೋಗಿದಾರೆ ಅಂತ ಪಕ್ಕದಲ್ಲಿಟ್ಟು ತೋರಿಸೋ ಟೂಲೂ ಇದೆ. ಮಾರ್ಕೆಟ್ಟಲ್ಲಿ ಹತ್ತಕ್ಕೆ ಹೋಗೋ ಮಾಲು ಒಂದೇ ಟೀಮಿಗೆ ಮೂರು ಸಲ ಐವತ್ತಕ್ಕೆ ಹೋಗಿದ್ರೆ ನನ್ನಂಥ ದಾರಿಹೋಕನಿಗೂ ಕಾಣತ್ತೆ, ರಿಪೋರ್ಟ್ ಮಾಡಿದ್ರಾಯ್ತು. ನೋಡೋಕೆ ಗೇಮ್ ಮಾಸ್ಟರ್ ಅಂತ ಇದಾರೆ, ಅವರೂ ಆಡೋರೇ, ಸಂಬಳ ಇಲ್ದೆ ಮಾಡೋ ಸ್ವಯಂಸೇವಕರು. ಅವರಿಗೆ ಅಧಿಕಾರ ಇದೆ, ರೇಟು ಅನ್ಯಾಯ ಅನ್ನಿಸಿದ್ರೆ ಮಾರಾಟ ಆದ ಮೇಲೂ ಸರಿ ಮಾಡಬಹುದು, ದಂಡ ಹಾಕಬಹುದು, ತೀರಾ ಅತಿ ಆದ್ರೆ ಟೀಮೇ ಕಿತ್ಕೊಳ್ಬಹುದು. ಒಂದೇ ಕಂಪ್ಯೂಟರಿಂದ ಲಾಗಿನ್ ಆಗೋ ಅಣ್ಣತಮ್ಮಂದಿರು ತಮ್ಮೊಳಗೆ ವ್ಯಾಪಾರ ಮಾಡೋ ಹಾಗಿಲ್ಲ. ಈಗ ಸಪೋರ್ಟರ್ ಆದೋರು ಎರಡನೇ ಟೀಮನ್ನ ರಾಜಾರೋಷವಾಗಿ ಇಟ್ಕೊಬಹುದು, ಆದ್ರೆ ಇದರಿಂದ ಅದಕ್ಕೆ ಆಟಗಾರರನ್ನ ದಾಟಿಸೋ ಹಾಗಿಲ್ಲ. ಕದ್ದು ಮಾಡೋದನ್ನ ಎದುರಿಗೇ ಮಾಡೋಕೆ ಬಿಟ್ಟು ಅದರಿಂದ ಲಾಭ ಮಾತ್ರ ಇಲ್ದಂಗೆ ಮಾಡಿದ್ದು, ಜಾಣತನ ಅಂದ್ರೆ ಇದು.

ಇದೆಲ್ಲ ಆಟದಲ್ಲಿ ಮಾತ್ರ ಅಂದ್ಕೋಬೇಡಿ. ಇಟಲಿಲಿ ಯುವೆಂಟಸ್ ಅಂಥ ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ 2023ರ ಜನವರಿಲಿ 15 ಪಾಯಿಂಟ್ ಕಿತ್ತಿದ್ದು ಇದೇ ಕೇಸಲ್ಲಿ, ಆಟಗಾರರ ಕೊಡುಕೊಳ್ಳೋದ್ರಲ್ಲಿ ರೇಟು ಉಬ್ಬಿಸಿ ಪುಸ್ತಕದಲ್ಲಿ ಲಾಭ ತೋರಿಸಿದ್ರು ಅಂತ. ಆಮೇಲೆ ಅಪೀಲು ಗಿಪೀಲು ಆಗಿ ಮೇ ತಿಂಗಳಲ್ಲಿ ಅದು 10ಕ್ಕೆ ಇಳೀತು. ಅಲ್ಲಿ ತಲೆನೋವು ಏನಂದ್ರೆ ಒಬ್ಬ ಫುಟ್‌ಬಾಲರಿನ ನಿಜವಾದ ಬೆಲೆ ಎಷ್ಟು ಅಂತ ಯಾರು ಹೇಳ್ಬೇಕು, ಅದಕ್ಕೆ ತಕ್ಕಡಿ ಇಲ್ಲ. ಹ್ಯಾಟ್ರಿಕ್ಕಲ್ಲಿ ತಕ್ಕಡಿ ಇದೆ, ಯಾಕಂದ್ರೆ ಅದೇ ಪದ, ಅದೇ ವಯಸ್ಸು, ಅದೇ ಟಿಎಸ್‌ಐ ಇರೋ ಹತ್ತಾರು ಹುಡುಗರು ಇದೇ ವಾರ ಹರಾಜಾಗಿರ್ತಾರೆ.

ಈ ರೂಲ್ಸಿನ ಬೆಲೆ ನಂಗೆ ಗೊತ್ತಾಗಿದ್ದು ಬೇರೆ ಕಡೆ ಹೋಗಿ ಪೆಟ್ಟು ತಿಂದ ಮೇಲೆ. ನಡುವೆ ಒಂದು ವರ್ಷ ಹ್ಯಾಟ್ರಿಕ್ ಬೋರಾಗಿ ಫೋನಲ್ಲಿ ಆಡೋ ಒಂದು ಮ್ಯಾನೇಜರ್ ಗೇಮ್ ಹಾಕ್ಕೊಂಡಿದ್ದೆ, ಹೆಸರು ಬೇಡ. ನೋಡೋಕೆ ಝಗಮಗ. ಅಲ್ಲಿ ಕ್ಲಬ್ಬು ಕ್ಲಬ್ಬು ನೇರವಾಗಿ ಮಾತಾಡ್ಕೊಂಡು ಮಾರಬಹುದಿತ್ತು, ಯಾರು ಎಷ್ಟಕ್ಕೆ ಕೊಂಡ್ರು ಅಂತ ಮೂರನೆಯವನಿಗೆ ಕಾಣ್ತಿರ್ಲಿಲ್ಲ. ನಮ್ಮ ಲೀಗಿಗೆ ಒಂದೇ ದಿನ ಆರು ಹೊಸ ಟೀಮು ಸೇರ್ಕೊಂಡ್ವು, ಹೆಸರು ನೋಡಿದ್ರೆ ಎಲ್ಲಾ ಒಂದೇ ಹೆಸರಿನ ಮುಂದೆ ಒಂದು, ಎರಡು, ಮೂರು. ವಾರದೊಳಗೆ ಆರೂ ಟೀಮಲ್ಲಿ ಹನ್ನೊಂದು ಜನ ನೆಟ್ಟಗೆ ಇಲ್ಲ, ಟಾಪಲ್ಲಿದ್ದವನ ಬೆಂಚಲ್ಲಿ ಕೂರೋಕೆ ಜಾಗ ಇಲ್ಲ. ಸ್ಕ್ರೀನ್‌ಶಾಟ್ ಸಮೇತ ಕಂಪ್ಲೇಂಟ್ ಕೊಟ್ಟೆ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಮಷಿನ್ ಉತ್ತರ ಬಂತು, ಅದರ ಕೆಳಗೇ ಒಂದು ಆಫರ್, ಇಷ್ಟು ಕಾಯಿನ್ ಕೊಂಡ್ರೆ ಅಷ್ಟು ಫ್ರೀ. ಆಗ ಹೊಳೀತು, ಅವರಿಗೆ ನಾನು ಸೋತು ಉರ್ಕೊಂಡ್ರೇನೇ ಲಾಭ, ಉರ್ಕೊಂಡೋನು ಕಾಯಿನ್ ಕೊಳ್ತಾನಲ್ಲ. ನಾನೂ ಎರಡು ಸಲ ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ನಾಲ್ಕು ತಿಂಗಳಿಗೆ ಅನ್‌ಇನ್‌ಸ್ಟಾಲ್.

ಗೇಮಲ್ಲಿ ಅಸಲಿ ದುಡ್ಡು ಸೇರ್ಕೊಂಡ್ರೆ ಮೋಸಕ್ಕೂ ಅಸಲಿ ದುಡ್ಡಿನ ಆಸೆ ಹುಟ್ಟತ್ತೆ. ಇಎ ಕಂಪನಿಯ ಫಿಫಾ ಫುಟ್‌ಬಾಲ್ ಗೇಮಲ್ಲಿ ಆಟಗಾರರನ್ನ ಕೂಡಿಸಿ ಟೀಮ್ ಕಟ್ಟೋ ಅಲ್ಟಿಮೇಟ್ ಟೀಮ್ ಅಂತ ಒಂದು ಭಾಗ ಇದೆ, ಈಗ ಆ ಗೇಮಿಗೆ ಎಫ್‌ಸಿ ಅಂತ ಹೆಸರು. ಅಲ್ಲೂ ಹರಾಜು ಇದೆ, ಪ್ರತಿ ಮಾರಾಟಕ್ಕೆ 5 ಪರ್ಸೆಂಟ್ ಕಂಪನಿ ಕಟ್ ಮಾಡತ್ತೆ. ಆದ್ರೆ ಕಾಯಿನ್ನಿಗೆ, ಅಂದ್ರೆ ಗೇಮಿನ ಒಳಗಿನ ದುಡ್ಡಿಗೆ, ಹೊರಗಡೆ ಕಾಳಸಂತೆ ಹುಟ್ಕೊಳ್ತು, ದುಡ್ಡು ಕೊಟ್ಟೋನ ಒಂದು ಕೆಲಸಕ್ಕೆ ಬಾರದ ಪ್ಲೇಯರನ್ನ ಲಕ್ಷಗಟ್ಟಲೆ ಕಾಯಿನ್ನಿಗೆ ಕೊಂಡು ಕಾಯಿನ್ ದಾಟಿಸೋದು, ಮೇಲೆ ಹೇಳಿದ್ನಲ್ಲ ಕಾಲು ಮುರಿದ ಮುದುಕ, ಅವನೇ ಇವನು. ಇದನ್ನ ತಡೆಯೋಕೆ 2015ರ ಮಾರ್ಚಲ್ಲಿ ಪ್ರತಿ ಆಟಗಾರನಿಗೂ ಇಷ್ಟರಿಂದ ಇಷ್ಟರ ಒಳಗೇ ಮಾರ್ಬೇಕು ಅಂತ ರೇಟ್ ಕಟ್ಟಿದ್ರು. ಮೋಸಕ್ಕೆ ಬೇಲಿ ಹಾಕೋಕೆ ಹೋಗಿ ಮಾರ್ಕೆಟ್ಟನ್ನೇ ರೇಷನ್ ಅಂಗಡಿ ಮಾಡ್ಕೊಂಡ್ರು ಅಂತ ನನ್ನ ಅನಿಸಿಕೆ. ಇನ್ನೊಂದು ಕತೆ ಇದಕ್ಕಿಂತ ಜೋರು. ಆಡದೇ ಇರೋ ಮ್ಯಾಚನ್ನ ಆಡಿದ್ವಿ ಅಂತ ಸರ್ವರಿಗೆ ಸುಳ್ಳು ಸಿಗ್ನಲ್ ಕಳಿಸಿ ಕಾಯಿನ್ ಹುಟ್ಟಿಸಿ ಮಾರ್ತಿದ್ದ ಒಂದು ಗುಂಪನ್ನ ಎಫ್‌ಬಿಐ ಹಿಡೀತು, ಆದಾಯ ಒಂದೂವರೆ ಕೋಟಿ ಡಾಲರ್ ಮೇಲೆ ಅಂತ ಲೆಕ್ಕ ಕೊಟ್ರು, 2016ರ ನವೆಂಬರಲ್ಲಿ ಟೆಕ್ಸಾಸಿನ ಜ್ಯೂರಿ ಅದರಲ್ಲೊಬ್ಬನ್ನ ತಪ್ಪಿತಸ್ಥ ಅಂತು. ಬೆಲ್ಜಿಯಮ್ಮಲ್ಲಂತೂ, ಒಳಗೆ ಯಾವ ಆಟಗಾರ ಇದಾನೆ ಅಂತ ಗೊತ್ತಿಲ್ದೆ ಕೊಳ್ಳೋ ಲಾಟರಿ ತರದ ಪ್ಯಾಕಿಗೆ ಬೇಕಾದ ಪಾಯಿಂಟ್ ಮಾರೋದನ್ನೇ ಇಎ 2019ರ ಶುರುವಲ್ಲಿ ನಿಲ್ಲಿಸ್ಬೇಕಾಯ್ತು, ಅಲ್ಲಿ ಅದು ಜೂಜು ಅಂತ ಲೆಕ್ಕ.

ಹ್ಯಾಟ್ರಿಕ್ ದುಡ್ಡನ್ನ ಯಾರಾದ್ರೂ ಇಷ್ಟೊಂದು ಶ್ರಮ ಹಾಕಿ ಕದೀತಾರಾ? ಕದ್ದು ಏನು ಮಾಡ್ಬೇಕು, ಮಾರೋಕೆ ಗಿರಾಕಿ ಬೇಕಲ್ಲ. 16 ವಾರ ಕಾದು ಸಿಗೋದು ಒಂದು ಮೇಲಿನ ಲೀಗು. ಮೋಸ ಇಲ್ಲವೇ ಇಲ್ಲ ಅಂತಲ್ಲ, ಮೋಸಕ್ಕೆ ಹಾಕೋ ಕೂಲಿ ಗಿಟ್ಟಲ್ಲ.

ಇಷ್ಟೆಲ್ಲ ಹೊಗಳಿದ್ದಕ್ಕೆ ಕಮಿಷನ್ ಸಿಗತ್ತಾ ಅಂತ ಕೇಳ್ತೀರಿ, ಬೈಯೋದೂ ಇದೆ. ಮೊದಲನೆಯದು ಅದರ ಮುಖ. ಹಳೇ ಸರ್ಕಾರಿ ವೆಬ್‌ಸೈಟಿಗೆ ಹಸಿರು ಬಣ್ಣ ಬಳಿದ ಹಾಗಿದೆ, ಫೋನಲ್ಲಿ ಒಂದು ಬಿಡ್ ಹಾಕೋಕೆ ನಾಲ್ಕು ಕಡೆ ಒತ್ತಬೇಕು. ನಿಜವಾಗಿ ಲೆಕ್ಕ ಹಾಕಿ ಆಡ್ಬೇಕು ಅಂದ್ರೆ ಹ್ಯಾಟ್ರಿಕ್ ಆರ್ಗನೈಸರ್ ಅಂತ ಹೊರಗಿನೋರು ಮಾಡಿದ ಸಾಫ್ಟ್‌ವೇರ್ ಬೇಕು, ಬ್ರೌಸರಿಗೆ ಫಾಕ್ಸ್‌ಟ್ರಿಕ್ ಬೇಕು, ಎರಡೂ ಫ್ರೀ, ಎರಡಕ್ಕೂ ಗೇಮಿನೋರ ಒಪ್ಪಿಗೆ ಇದೆ, ಆದ್ರೂ ಮನೆಗೆ ಕರೆದು ಊಟ ಹೊರಗಿಂದ ತರ್ಸ್ಕೊಳಿ ಅಂದಂಗೆ. ಎರಡನೆಯದು ಆ ದಲಾಲಿ. ದಲ್ಲಾಳಿಗಳನ್ನ ತಡೀಬೇಕು ಸರಿ, ಆದ್ರೆ ಹೊಸಬ ತಪ್ಪಾಗಿ ಒಬ್ಬನ್ನ ಕೊಂಡು ಮಾರನೇ ದಿನ ತಪ್ಪು ಗೊತ್ತಾಗಿ ಮಾರೋಕೆ ಹೋದ್ರೆ ಅವನಿಗೂ ಅದೇ ಬರೆ. ಲಿಸ್ಟಿಗೆ ಬಿಟ್ಟಿದ್ದು ವಾಪಸ್ ಇಲ್ಲ ಅನ್ನೋದು ಅದರ ಮೇಲೆ ಉಪ್ಪು. ಹೊಸಬರಿಗೆ ಮೊದಲ ಒಂದು ಮಾರಾಟಕ್ಕಾದ್ರೂ ಮಾಫಿ ಕೊಡಬಹುದಿತ್ತು. ಮೂರನೆಯದು ಗೇಮ್ ಮಾಸ್ಟರುಗಳ ಮೌನ. ನೀವು ರಿಪೋರ್ಟ್ ಮಾಡಿದ್ದು ಏನಾಯ್ತು ಅಂತ ಹೇಳಲ್ಲ, ಬೇರೆಯವರ ಕೇಸು ಬೇರೆಯವರಿಗೆ ಹೇಳೋ ಪದ್ಧತಿ ಇಲ್ಲ ಅಂತಾರೆ. ಎಲ್ಲ ಲೆಕ್ಕ ಬಯಲಲ್ಲಿಟ್ಟ ಮನೆಲಿ ತೀರ್ಪು ಮಾತ್ರ ಕೋಣೆ ಒಳಗೆ, ಯಾಕೆ? ಹೆಸರು ಬೇಡ, ಇಂಥ ಮಾರಾಟದ ರೇಟು ಸರಿ ಮಾಡಿದ್ವಿ ಅಂತ ಒಂದು ಸಾಲು ಸಾಕಿತ್ತು.

ಆಮೇಲೆ ಜನ ಕಮ್ಮಿ ಆಗಿದಾರೆ. 2009ರ ಆಸುಪಾಸಲ್ಲಿ ಹತ್ತು ಲಕ್ಷದ ಹತ್ರ ಹೋಗಿತ್ತು ಆಡೋರ ಸಂಖ್ಯೆ, ಈಗ ಆ ಗಲಾಟೆ ಇಲ್ಲ, ಕೆಳಗಿನ ಲೀಗಲ್ಲಿ ಎಂಟರಲ್ಲಿ ನಾಲ್ಕೈದು ಟೀಮಿಗೆ ಯಜಮಾನನೇ ಇರಲ್ಲ, ಕಂಪ್ಯೂಟರೇ ಆಡ್ಕೊಳತ್ತೆ. ಜನ ಕಮ್ಮಿ ಆದ್ರೆ ಸಂತೆ ತೆಳ್ಳಗಾಗತ್ತೆ, ಸಂತೆ ತೆಳ್ಳಗಾದ್ರೆ ಸರಿಯಾದ ರೇಟು ಯಾವುದು ಅಂತ ಹೇಳೋದೂ ಕಷ್ಟ, ಆಗ ಮೋಸ ಹಿಡಿಯೋದೂ ಕಷ್ಟ. ಸದ್ಯಕ್ಕೆ ದೇಶ ದೇಶದ್ದೆಲ್ಲ ಒಂದೇ ಸಂತೆ ಆಗಿರೋದ್ರಿಂದ ನಡೀತಿದೆ.

ಸ್ಟಾರ್ ಎಷ್ಟು ಅಂದ್ರೆ ಮಾರ್ಕೆಟ್ಟಿಗೆ ಐದಕ್ಕೆ ನಾಲ್ಕೂವರೆ, ಮುಖಕ್ಕೆ ಎರಡು. ದಿನಾ ಎರಡು ಗಂಟೆ ಕೂತು ಆಡೋ ಚಟ ಇರೋರಿಗೆ ಇದು ಆಗಲ್ಲ, ವಾರಕ್ಕೆ ಎರಡು ಸಲ ತಿರುಗಿ ನೋಡಿದ್ರೂ ನಡೆಯತ್ತೆ, ತೋಟಕ್ಕೆ ಹೋಗಿ ಬಂದಂಗೆ. ಸೇರೋದಾದ್ರೆ ಮೊದಲ ಸೀಸನ್ ಯಾರನ್ನೂ ಕೊಳ್ಳೋಕೆ ಹೋಗ್ಬೇಡಿ, ಬರೀ ಹರಾಜು ನೋಡಿ. ನಿಮಗೆ ಬೇಕಾದಂಥ ಒಬ್ಬ ಆಟಗಾರನ ತರದ ಹತ್ತು ಜನ ಎಷ್ಟೆಷ್ಟಕ್ಕೆ ಹೋಗ್ತಾರೆ ಅಂತ ಒಂದು ಪುಸ್ತಕದಲ್ಲಿ ಬರ್ಕೊಳಿ. ಅಪ್ಪ ಅಡಿಕೆ ಒಯ್ಯೋ ಹಿಂದಿನ ವಾರ ಬರಿಗೈಲಿ ಮಂಡಿಗೆ ಹೋಗಿ ಸುಮ್ನೆ ನಿಂತು ಬರ್ತಿದ್ದ.

ಟೀ ಆರಿಸಿದ ಆಸಾಮಿ ಕೊನೆಗೂ ಸೇರ್ಕೊಂಡ. ಹೋದ ವಾರ ನನ್ನ ಟೇಬಲ್ ಹತ್ರ ಬಂದು ದನಿ ತಗ್ಗಿಸಿ, ನಿನ್ನ ಬೆಂಚಲ್ಲಿ ಒಬ್ಬ ಡಿಫೆಂಡರ್ ಸುಮ್ನೆ ಕೂತಿದಾನಲ್ಲ, ನಂಗೆ ಕಮ್ಮಿಗೆ ಕೊಡ್ತೀಯಾ ಅಂದ. ಗುರುವಾರ ರಾತ್ರಿ ಹನ್ನೆರಡೂವರೆಗೆ ಲಿಸ್ಟಿಗೆ ಹಾಕ್ತೀನಿ, ಭಾನುವಾರ ಅದೇ ಹೊತ್ತಿಗೆ ಮುಗಿಯತ್ತೆ, ಎಚ್ಚರ ಇದ್ರೆ ಬಂದು ಎಲ್ಲರ ಜೊತೆ ಕೂಗು ಅಂದೆ. ಅಷ್ಟೊತ್ತಲ್ಲಿ ಯಾರಪ್ಪ ಎದ್ದಿರ್ತಾರೆ ಅಂದ. ಇಟಲಿಯವರು ಇರ್ತಾರೆ ಅಂದೆ.